ಒಂದು ಮುಖ, ನೂರು ಮುಖ

ಮೊದಲ ಚಿತ್ರ ಗೆದ್ದ ಮೇಲೆ ಎರಡನೆಯದನ್ನು ತೆಗೆಯುವವರಿಗೆ ಬಂಡವಾಳದ ಕೊರತೆ ಇರುವುದಿಲ್ಲ. ಕೊರತೆ ಬೀಳುವುದು ಹೇಳಬೇಕಾದ ಮಾತಿಗೆ. ಆಗ ಬೆರಗಿನ ಪ್ರಮಾಣವನ್ನು ಹೆಚ್ಚಿಸಿ ಆ ಕೊರತೆಯನ್ನು ಮುಚ್ಚುವ ಪ್ರಯತ್ನ ನಡೆಯುತ್ತದೆ. ಈ ದೃಷ್ಟಿಯಿಂದ, ಐದೇ ತಿಂಗಳ ಅಂತರದಲ್ಲಿ ತೆರೆಕಂಡ ಎರಡು ಉತ್ತರಭಾಗಗಳ ತುಲನೆ ಉಪಯುಕ್ತವಾದುದು. ಒಂದು, 2002ರ ಡಿಸೆಂಬರಿನಲ್ಲಿ ಬಂದ ಪೀಟರ್ ಜ್ಯಾಕ್ಸನ್ ಅವರ ‘ದ ಟೂ ಟವರ್ಸ್’. ಟೋಲ್ಕಿನ್ ಅವರ ಕಾದಂಬರಿಯನ್ನು ಆಧರಿಸಿದ ಅದ್ಭುತಕಥೆ. ಇನ್ನೊಂದು, 2003ರ ಮೇ ತಿಂಗಳಿನಲ್ಲಿ ಬಂದ ‘ದ ಮೇಟ್ರಿಕ್ಸ್ ರೀಲೋಡೆಡ್’. 1999ರ ವಿಜ್ಞಾನಕಥೆಯ ಮುಂದುವರಿಕೆ. ಗಣಕಯಂತ್ರದಲ್ಲಿ ರೂಪಿಸಿದ ಮುಖವನ್ನು ಪ್ರೇಕ್ಷಕನು ನಂಬುವಂತೆ ಮಾಡುವುದು ಎರಡೂ ಚಿತ್ರಗಳ ಮುಂದಿದ್ದ ಸವಾಲು.

‘ರೀಲೋಡೆಡ್’ನಲ್ಲಿ ನಾಯಕ ನಿಯೋ ಒಂದು ಅಂಗಳದಲ್ಲಿ ಏಜೆಂಟ್ ಸ್ಮಿತ್‌ನ ನೂರರಷ್ಟು ಪ್ರತಿರೂಪಗಳೊಡನೆ ಹೋರಾಡುತ್ತಾನೆ. ಕೀಯಾನು ರೀವ್ಸ್ ಮತ್ತು ಹ್ಯೂಗೋ ವೀವಿಂಗ್ ಅವರ ಮುಖಗಳನ್ನು ಹಲವು ಕ್ಯಾಮೆರಾಗಳಿಂದ ಏಕಕಾಲಕ್ಕೆ ಸೆರೆಹಿಡಿದು ಗಣಕದಲ್ಲಿ ಮರುಸೃಷ್ಟಿಸಿದ ಆ ಕೌಶಲ ಅಸಾಧಾರಣವಾದುದು. ಆದರೆ ಹೋರಾಟದ ಕೊನೆಗೆ ನಿಯೋ ಆಕಾಶಕ್ಕೆ ಹಾರಿಹೋಗುತ್ತಾನೆ. ಹಾರಬಲ್ಲವನು ಅಷ್ಟು ಹೊತ್ತು ಹೊಡೆದಾಡಿದ್ದೇಕೆ? ಕಥೆಯಲ್ಲಿ ಉತ್ತರವಿಲ್ಲ. ಅಲ್ಲಿ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ, ಏನನ್ನೂ ಕಲಿಯುವುದಿಲ್ಲ. ಈ ಚಿತ್ರದಲ್ಲಿ ಗಂಭೀರ ವಿಚಾರವೇ ಇಲ್ಲವೆಂದಲ್ಲ. ಕೊನೆಯಲ್ಲಿ ನಿಯೋನ ಮುಂದೆ ಎರಡು ಬಾಗಿಲುಗಳಿವೆ: ಒಂದು ಮನುಕುಲದ ಉಳಿವಿಗೆ, ಇನ್ನೊಂದು ಪ್ರಿಯತಮೆಯ ರಕ್ಷಣೆಗೆ. ಇದು ನಿಜವಾದ ಧರ್ಮಸಂಕಟ. ಆದರೆ ಅದು ದೀರ್ಘ ಭಾಷಣವಾಗಿ ಬರುತ್ತದೆ. ದೃಶ್ಯವೈಭವ ಒಂದೆಡೆ, ವಿಚಾರ ಇನ್ನೊಂದೆಡೆ ಉಳಿದುಬಿಡುತ್ತವೆ.

‘ಟೂ ಟವರ್ಸ್’ನ ಗೊಲಮ್‌ನದು ಒಂದೇ ಮುಖ. ನಟ ಆಂಡಿ ಸರ್ಕಿಸ್ ಅವರ ಧ್ವನಿ, ಚಲನೆ, ಮುಖಭಾವಗಳನ್ನು ಆಧರಿಸಿ ನ್ಯೂಜಿಲೆಂಡಿನ ವೆಟಾ ಸಂಸ್ಥೆಯ ಕಲಾವಿದರು ಅದನ್ನು ರೂಪಿಸಿದರು. ಉಂಗುರದ ಮೋಹ ಈ ಜೀವಿಯನ್ನು ಒಳಗಿನಿಂದ ತಿಂದುಹಾಕಿದೆ. ಒಂದು ರಾತ್ರಿ ಅವನು ತನ್ನೊಡನೆ ತಾನೇ ವಾದಿಸುತ್ತಾನೆ. ಸ್ಮೀಗಲ್ ಎಂಬ ಹಳೆಯ ಹೆಸರಿನ ಮನಸ್ಸು ಗೊಲಮ್ ಎಂಬ ದುರಾಸೆಯನ್ನು ಹೊರಗಟ್ಟಲು ಹೆಣಗುತ್ತದೆ. ಯುದ್ಧವಿಲ್ಲ, ಸ್ಫೋಟವಿಲ್ಲ, ಒಂದೇ ಮುಖದ ಮೇಲೆ ಎರಡು ಭಾವಗಳು. ಫ್ರೋಡೋ ತೋರಿದ ಕರುಣೆಯೇ ಆ ಹಳೆಯ ಮನಸ್ಸನ್ನು ಎಚ್ಚರಿಸಿತ್ತು. ಮುಂದೆ ಗೊಲಮ್‌ನ ಪ್ರಾಣ ಉಳಿಸಲೆಂದೇ ಫ್ರೋಡೋ ಅವನನ್ನು ನಂಬಿಸಿ ಕರೆದಾಗ, ಸೈನಿಕರು ಅವನನ್ನು ಹಿಡಿದು ಹೊಡೆಯುತ್ತಾರೆ. ನಂಬಿಕೆ ಮುರಿದೊಡನೆ ದುರಾಸೆ ಮರಳುತ್ತದೆ. ತಂತ್ರಜ್ಞಾನವನ್ನು ತೆಗೆದರೆ ಇಲ್ಲಿ ಕಥೆಯೇ ನಿಲ್ಲದು. ಕಥೆಯನ್ನು ತೆಗೆದರೆ ತಂತ್ರಜ್ಞಾನಕ್ಕೆ ಅರ್ಥವಿರದು. ದೃಶ್ಯಪರಿಣಾಮಕ್ಕಾಗಿ 2003ರಲ್ಲಿ ಈ ಚಿತ್ರಕ್ಕೆ ಆಸ್ಕರ್ ದೊರೆತದ್ದು ಯುಕ್ತವೇ.

ಹಾಗೆಂದು ಈ ಚಿತ್ರವೂ ದೋಷಮುಕ್ತವಲ್ಲ. ಹೆಲ್ಮ್ಸ್ ಡೀಪ್ ಕೋಟೆಯನ್ನು ಹತ್ತು ಸಾವಿರ ಶತ್ರುಗಳು ಮುತ್ತುವಾಗ, ಲೆಗೊಲಾಸ್ ಮತ್ತು ಗಿಮ್ಲಿ ತಾವು ಕೊಂದವರನ್ನು ಪೈಪೋಟಿಯಿಂದ ಎಣಿಸುತ್ತಾರೆ. ಪ್ರೇಕ್ಷಕರು ನಗಬೇಕೆಂಬುದೇ ಅಲ್ಲಿನ ಉದ್ದೇಶ. ಈ ಎಣಿಕೆಯಾಟ ಮೂಲ ಕಾದಂಬರಿಯಲ್ಲೂ ಇದೆಯೆಂಬುದು ಸಮರ್ಥನೆಯಾಗದು. ಒಂದು ಪತಿತ ಜೀವದ ಸಂಕಟಕ್ಕೆ ಮರುಗುವಂತೆ ಮಾಡಿದ ಚಿತ್ರವೇ, ಸಾವಿರ ಸಾವುಗಳನ್ನು ಲೆಕ್ಕದ ಆಟವಾಗಿಸುತ್ತದೆ. ಗಣಕದಲ್ಲಿ ರೂಪುಗೊಂಡ ಆ ಸೈನಿಕರಿಗೆ ಗೊಲಮ್‌ನಿಗೆ ಸಿಕ್ಕಂಥ ಮುಖ ಸಿಕ್ಕಿಲ್ಲ. ಆದುದರಿಂದಲೇ ನಗು ಸುಲಭವಾಗುತ್ತದೆ.

ಮನೆಯ ಮಕ್ಕಳೊಡನೆ ಈ ಚಿತ್ರಗಳನ್ನು ನೋಡುವ ಹಿರಿಯರು ಇದನ್ನು ಗಮನಿಸಬೇಕು. ‘ಇದನ್ನು ಹೇಗೆ ತೆಗೆದರು?’ ಎಂದು ಮಕ್ಕಳು ತಾವಾಗಿಯೇ ಕೇಳುತ್ತಾರೆ. ‘ಗೊಲಮ್ ಮತ್ತೆ ಏಕೆ ಕೆಟ್ಟ?’ ಎಂಬ ಪ್ರಶ್ನೆಯನ್ನು ಹಿರಿಯರೇ ಎತ್ತಬೇಕಾಗುತ್ತದೆ.