ಕರ್ತೃಪದದ ಪ್ರಶ್ನೆ: ಸೆಂಟ್‌ಓಎಸ್ ಪ್ರಕಟಣೆಗಳ ಒಂದು ಪರಿಶೀಲನೆ

ವಿಮರ್ಶೆಯ ಕಣ್ಣು ಕಾವ್ಯನಾಟಕಗಳ ಮೇಲೆ ಮಾತ್ರವೇ ಬೀಳಬೇಕೆಂಬ ನಿಯಮವಿಲ್ಲ. ಸಂಸ್ಥೆಗಳು ಹೊರಡಿಸುವ ಪ್ರಕಟಣೆಗಳೂ ಗದ್ಯವೇ; ಅವನ್ನು ನಂಬಿ ಜನರು ತಮ್ಮ ಕಾರ್ಯಗಳನ್ನು ಗೊತ್ತುಮಾಡಿಕೊಳ್ಳುವುದರಿಂದ, ಅವುಗಳ ಮಾತು ಎಷ್ಟು ನಿಷ್ಕೃಷ್ಟವೆಂದು ವಿಚಾರಿಸುವುದು ಅನುಚಿತವಾಗಲಾರದು. ಸಮುದಾಯವು ನಡೆಸುವ ಮುಕ್ತ ತಂತ್ರಾಂಶ ಯೋಜನೆಯನ್ನು ಅದರ ಪ್ರಾಯೋಜಕ ಕಂಪನಿಯು ಲೋಕದ ಮುಂದೆ ಹೇಗೆ ನಿರೂಪಿಸುತ್ತದೆ ಎಂಬುದನ್ನು ಇಲ್ಲಿ ಒಂದು ನಿದರ್ಶನದ ಮೂಲಕ ಪರಿಶೀಲಿಸುತ್ತೇವೆ.

ಅಮೆರಿಕದ ರೆಡ್ ಹ್ಯಾಟ್ ಕಂಪನಿಯು ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಒಂದು ರೂಪವನ್ನು ಉದ್ಯಮಗಳಿಗೆ ಚಂದಾ ಪಡೆದು ಒದಗಿಸುತ್ತದೆ. ಅದರ ಆಕರ ಸಂಕೇತವು ಮುಕ್ತವಾಗಿದ್ದುದರಿಂದ, ಅದನ್ನೇ ಪುನಃ ಕಟ್ಟಿ ಬೆಲೆಯಿಲ್ಲದೆ ಹಂಚುವ ಕೆಲಸವನ್ನು ೨೦೦೪ರಲ್ಲಿ ಸ್ವಯಂಸೇವಕರು ಆರಂಭಿಸಿದರು. ಅದೇ ಸೆಂಟ್‌ಓಎಸ್, ಆ ಹೆಸರಿನ ಮೊದಲ ಅಕ್ಷರವು ‘ಸಮುದಾಯ’ವನ್ನೇ ಸೂಚಿಸುತ್ತದೆ. ೨೦೧೪ರ ಜನವರಿಯಲ್ಲಿ ಯೋಜನೆಯು ರೆಡ್ ಹ್ಯಾಟ್‌ನ ಆಶ್ರಯಕ್ಕೆ ಬಂದಿತು. ಪ್ರಮುಖ ಕಾರ್ಯಕರ್ತರಲ್ಲಿ ಕೆಲವರು ಕಂಪನಿಯ ನೌಕರರಾದರು. ಟ್ರೇಡ್‌ಮಾರ್ಕ್ ಕಂಪನಿಗೆ ಸೇರಿತು. ಆಡಳಿತ ಮಂಡಳಿಯೊಂದು ರಚಿತವಾಯಿತು. ಆಗಿನ ಪ್ರಕಟಣೆಗಳಲ್ಲಿದ್ದುದು ಇಬ್ಬರು ಜೊತೆಗಾರರು ಕೈಜೋಡಿಸಿದರೆಂಬ ಧ್ವನಿ.

೨೦೨೦ರ ಡಿಸೆಂಬರ್ ೮ರಂದು ಒಂದೇ ಸಂಗತಿಯನ್ನು ಕುರಿತು ಎರಡು ಬರಹಗಳು ಹೊರಬಂದವು. ಮೊದಲನೆಯದು ಯೋಜನೆಯ ಹೆಸರಿನಲ್ಲಿತ್ತು: ಸೆಂಟ್‌ಓಎಸ್ ಯೋಜನೆಯು ತನ್ನ ಗಮನವನ್ನು ಸೆಂಟ್‌ಓಎಸ್ ಸ್ಟ್ರೀಮ್‌ನತ್ತ ಹೊರಳಿಸುತ್ತಿದೆ, ಸೆಂಟ್‌ಓಎಸ್ ಲಿನಕ್ಸ್ ೮, ೨೦೨೧ರ ಕೊನೆಗೆ ಮುಗಿಯುತ್ತದೆ. ಎರಡನೆಯದು ಕಂಪನಿಯದು: ತನ್ನ ಹೂಡಿಕೆಯನ್ನು ಪೂರ್ಣವಾಗಿ ಸ್ಟ್ರೀಮ್‌ಗೆ ತಿರುಗಿಸುತ್ತಿರುವುದಾಗಿ ತಾನು ಆಡಳಿತ ಮಂಡಳಿಗೆ ತಿಳಿಸಿರುವುದಾಗಿ ಅದು ಹೇಳಿತು. ಸ್ಟ್ರೀಮ್ ಎಂಬುದು ಕಂಪನಿಯು ಬಿಡುಗಡೆ ಮಾಡಿದುದರ ಪ್ರತಿರೂಪವಲ್ಲ. ಮುಂದೆ ಬಿಡುಗಡೆಯಾಗಲಿರುವುದರ ಪೂರ್ವರೂಪ. ಬಳಕೆದಾರರು ನೆಚ್ಚಿದ್ದುದು ಪ್ರತಿರೂಪವನ್ನು.

ಈ ಎರಡು ಬರಹಗಳನ್ನು ಕಾರಕದೃಷ್ಟಿಯಿಂದ ಓದಿದರೆ ವಿಷಯ ಸ್ಪಷ್ಟವಾಗುತ್ತದೆ. ಮೊದಲನೆಯದರಲ್ಲಿ ಯೋಜನೆಯೇ ಕರ್ತೃ. ಕಂಪನಿಯ ನಿರ್ಧಾರ ಹಿನ್ನೆಲೆಗೆ ಸರಿದಿದೆ. ಎರಡನೆಯದರಲ್ಲಿ ಕಂಪನಿಯೇ ಕರ್ತೃ. ಸಮುದಾಯವನ್ನು ಪ್ರತಿನಿಧಿಸಬೇಕಾದ ಮಂಡಳಿಯು ಸುದ್ದಿಯನ್ನು ಪಡೆಯುವ ಸ್ಥಾನಕ್ಕೆ, ಕನ್ನಡದಲ್ಲಿ ಹೇಳುವುದಾದರೆ ಚತುರ್ಥೀ ವಿಭಕ್ತಿಗೆ, ಇಳಿದಿದೆ. ಮಂಡಳಿಯ ಸಮ್ಮತಿ ಇದ್ದಿರಬಹುದು. ಆದರೆ ಸಮ್ಮತಿ ಬೇರೆ, ಸಂಕಲ್ಪ ಬೇರೆ. ಯಾರ ಸಂಕಲ್ಪದಿಂದ ಕ್ರಿಯೆ ನಡೆಯಿತೋ ಅವರನ್ನು ಕರ್ತೃವಾಗಿ ನಿಲ್ಲಿಸದ ವಾಕ್ಯವು ಸುಳ್ಳನ್ನಾಡದೆಯೂ ಓದುಗನ ದಾರಿ ತಪ್ಪಿಸಬಲ್ಲದು.

ಇದು ಕೇವಲ ಶಬ್ದವಿಚಾರವೆಂದು ಯಾರಾದರೂ ಆಕ್ಷೇಪಿಸಬಹುದು. ಅಮೆರಿಕದ ಭೌತವಿಜ್ಞಾನ ಪ್ರಯೋಗಾಲಯವಾದ ಫರ್ಮಿಲ್ಯಾಬ್, ತಾನು ಬಹುಕಾಲ ಪೋಷಿಸಿದ ಸೈಂಟಿಫಿಕ್ ಲಿನಕ್ಸ್‌ನ ಎಂಟನೆಯ ಆವೃತ್ತಿಯನ್ನು ತಯಾರಿಸದೆ ಸೆಂಟ್‌ಓಎಸ್ ೮ನ್ನೇ ಬಳಸುವುದಾಗಿ ೨೦೧೯ರ ಏಪ್ರಿಲ್‌ನಲ್ಲಿ ಸಾರಿತು. ಆ ಆವೃತ್ತಿಯು ೨೦೧೯ರ ಸೆಪ್ಟೆಂಬರ್‌ನಲ್ಲಿ ಹೊರಬಂದಾಗ ಅದಕ್ಕೆ ೨೦೨೯ರವರೆಗೆ ಪೋಷಣೆಯಿರುವುದೆಂಬ ನಿರೀಕ್ಷೆಯಿತ್ತು. ದೊರೆತದ್ದು ಎರಡೂಕಾಲು ವರ್ಷ. ೨೦೨೨ರ ಡಿಸೆಂಬರ್‌ನಲ್ಲಿ ಫರ್ಮಿಲ್ಯಾಬ್ ಮತ್ತು ಯೂರೋಪಿನ ಸರ್ನ್ ಎರಡೂ ಆಲ್ಮಾಲಿನಕ್ಸ್‌ನ ಕಡೆಗೆ ತಿರುಗಬೇಕಾಯಿತು. ‘ಸಮುದಾಯ’ ಎಂಬ ಮಾತಿನ ತೂಕವನ್ನು ತಪ್ಪಾಗಿ ಅಳೆದವರು ತೆರುವ ಬೆಲೆ ಇಂಥದು.

ಕಂಪನಿಯ ಪಕ್ಷವನ್ನೂ ನ್ಯಾಯವಾಗಿ ನೋಡಬೇಕು. ವೇತನ, ಯಂತ್ರ, ಸ್ಥಳ ಎಲ್ಲವನ್ನೂ ಒದಗಿಸುವವರು ಅನಂತಕಾಲ ಹಾಗೆಯೇ ಒದಗಿಸಬೇಕೆಂಬ ಋಣವೇನೂ ಇಲ್ಲ. ಕೇವಲ ಸ್ವಯಂಸೇವಕರ ಕೈಯಲ್ಲಿದ್ದಾಗಲೂ ಯೋಜನೆ ಸುಭದ್ರವಾಗಿರಲಿಲ್ಲ. ಅದರ ಡೊಮೈನ್ ಹೆಸರು ಒಬ್ಬನ ವಶದಲ್ಲಿದ್ದುದರಿಂದ ೨೦೦೯ರಲ್ಲಿ ಉಳಿದವರು ಬಹಿರಂಗ ಪತ್ರ ಬರೆಯಬೇಕಾಯಿತು. ಹೀಗೆ ಸಹಾಯವನ್ನು ನಿಲ್ಲಿಸುವುದು ದೋಷವಲ್ಲ. ನಿಲ್ಲಿಸಿದವರು ಯಾರೆಂಬುದನ್ನು ನೆರವು ಪಡೆದವನ ಬಾಯಿಂದ ಬೇರೆಯಾಗಿ ಹೇಳಿಸುವುದು ದೋಷ. ಈ ದೃಷ್ಟಿಯಿಂದ ಕಂಪನಿಯ ಸ್ವಂತ ಬರಹವೇ ಹೆಚ್ಚು ಪ್ರಾಮಾಣಿಕವೆಂದು ನಮ್ಮ ಮತ.

ಇದಕ್ಕೆ ಪ್ರತಿಯಾಗಿ, ೧೯೯೩ರಲ್ಲಿ ಆರಂಭವಾದ ಡೆಬಿಯನ್ ಯೋಜನೆಯನ್ನು ನೋಡಬಹುದು. ಅದರ ಟ್ರೇಡ್‌ಮಾರ್ಕ್ ಲಾಭೋದ್ದೇಶವಿಲ್ಲದ ಸಂಸ್ಥೆಯೊಂದರಲ್ಲಿದೆ. ನಾಯಕನನ್ನು ಸದಸ್ಯರು ವರ್ಷವರ್ಷವೂ ಚುನಾಯಿಸುತ್ತಾರೆ. ನೆರವಾಗುವ ಕಂಪನಿಗಳು ನೆರವಾದವರೆಂದೇ ಹೆಸರುಗೊಳ್ಳುತ್ತವೆ. ಅಲ್ಲಿ ‘ಯೋಜನೆಯು ನಿರ್ಧರಿಸಿತು’ ಎಂಬ ವಾಕ್ಯಕ್ಕೆ ವಸ್ತುಸ್ಥಿತಿಯ ಆಧಾರವಿದೆ. ಆದುದರಿಂದ ಇಂತಹ ಪ್ರಕಟಣೆಯನ್ನು ಓದುವ ವಾಚಕರು ಅದರ ವಿಶೇಷಣಗಳಿಗೆ ಮರುಳಾಗದೆ, ಕ್ರಿಯಾಪದದ ಹಿಂದೆ ನಿಜವಾಗಿ ನಿಂತಿರುವ ಕರ್ತೃವನ್ನು ಮೊದಲು ಹುಡುಕುವುದು ಒಳ್ಳೆಯದು. ಹೆಸರಿನ ಒಡೆತನವೂ ವೇತನದ ಒಡೆತನವೂ ಎಲ್ಲಿವೆಯೋ, ಬಹುಮಟ್ಟಿಗೆ ಆತನು ಅಲ್ಲಿಯೇ ದೊರೆಯುತ್ತಾನೆ.