ನನಗೆ ಕಾಣಲೇ ಇಲ್ಲ: ಈ ಹೇಳಿಕೆಯನ್ನು ಎಷ್ಟು ನಂಬಬಹುದು?

ಕಾರೊಂದು ಸೈಕಲ್ಲಿಗೆ ಬಡಿದಾಗ ಚಾಲಕನ ಬಾಯಿಂದ ಹೊರಡುವ ಮೊದಲ ಮಾತು ಯಾವುದು? ಅಪಘಾತ ಬೆಂಗಳೂರಿನಲ್ಲಿ ಆಗಿರಲಿ, ಬೀದರಿನಲ್ಲಿ ಆಗಿರಲಿ, ಸಾಮಾನ್ಯವಾಗಿ ನಾವು ಕೇಳುವುದು ಒಂದೇ: ‘ಸೈಕಲ್ಲು ನನಗೆ ಕಾಣಲೇ ಇಲ್ಲ.’ ಸುತ್ತ ಸೇರಿದ ಜನ ಕೂಡಲೇ ಎರಡು ಪಂಗಡವಾಗುತ್ತಾರೆ. ‘ಅಷ್ಟು ದೊಡ್ಡ ಸೈಕಲ್ಲು, ಅದರ ಮೇಲೊಬ್ಬ ಮನುಷ್ಯ, ಕಾಣದೆ ಇರುತ್ತದೆಯೇ? ಸುಳ್ಳು’ ಎನ್ನುವವರು ಒಂದು ಕಡೆ. ‘ಪಾಪ, ಬೇಕೆಂದು ಮಾಡಿದ್ದಲ್ಲವಲ್ಲ, ಬಿಟ್ಟುಬಿಡಿ’ ಎನ್ನುವವರು ಇನ್ನೊಂದು ಕಡೆ. ದೃಷ್ಟಿಯ ಬಗ್ಗೆ ಇಂದು ತಿಳಿದಿರುವುದನ್ನು ಮುಂದಿಟ್ಟುಕೊಂಡು ನೋಡಿದರೆ ಈ ಎರಡು ತೀರ್ಪುಗಳೂ ನಿಲ್ಲುವುದಿಲ್ಲ. ಚಾಲಕ ಹೇಳುವುದು ಬಹಳ ಸಲ ನಿಜವೇ. ಆದರೆ ಆ ನಿಜ ಅವನನ್ನು ಹೊಣೆಯಿಂದ ಬಿಡಿಸುವುದಿಲ್ಲ.

ಕನ್ನಡದಲ್ಲಿ ‘ನೋಡು’ ಮತ್ತು ‘ಕಾಣು’ ಎಂಬ ಎರಡು ಕ್ರಿಯಾಪದಗಳಿವೆ. ನೋಡುವುದು ನಾವು ಮಾಡುವ ಕೆಲಸ. ಕಾಣುವುದು ನಮಗೆ ಒದಗುವಂಥದು. ‘ನಾನು ನೋಡಲಿಲ್ಲ’ ಎಂದರೆ ತಪ್ಪು ನನ್ನದು. ‘ನನಗೆ ಕಾಣಲಿಲ್ಲ’ ಎಂದೊಡನೆ ತಪ್ಪು ಮೆಲ್ಲಗೆ ಜಾರಿ, ಕಾಣಿಸಿಕೊಳ್ಳದ ಸೈಕಲ್ಲಿನ ತಲೆಗೆ ಬರುತ್ತದೆ. (ಪತ್ರಿಕೆಗಳ ‘ನಿಯಂತ್ರಣ ತಪ್ಪಿದ ಕಾರು’ ಕೂಡ ಇದೇ ಜಾತಿಯದು. ಅಲ್ಲಿ ಚಾಲಕನೇ ಇರುವುದಿಲ್ಲ.) ಹಾಗಾದರೆ ನೋಡಿಯೂ ಕಾಣದಿರುವುದು ಸಾಧ್ಯವೇ?

ಈ ಪ್ರಶ್ನೆಯನ್ನು ಒಂದು ನಿಜವಾದ ರಸ್ತೆಯಲ್ಲಿ ಇಟ್ಟು ನೋಡೋಣ. ಬೆಂಗಳೂರಿನ ಪೂರ್ವದಲ್ಲಿ ಕಗ್ಗದಾಸಪುರವಿದೆ. ಒಂದು ಕೆರೆ, ಒಂದು ರೈಲು ಹಳಿ, ಇಕ್ಕಟ್ಟಾದ ಮುಖ್ಯರಸ್ತೆ, ಅದಕ್ಕೆ ಬಂದು ಸೇರುವ ಹತ್ತಾರು ಅಡ್ಡರಸ್ತೆಗಳು. ಹಗಲು ಹೊತ್ತಿನಲ್ಲಿ ಇಲ್ಲಿ ಕಾರುಗಳು ನಡೆಯುವವರಿಗಿಂತ ನಿಧಾನ. ಆದರೆ ಮುಂಜಾನೆ, ಪತ್ರಿಕೆ ಹಾಕುವ ಹುಡುಗರು ಸೈಕಲ್ ತುಳಿಯುವ ಹೊತ್ತಿಗೆ, ರಸ್ತೆ ಬಿಡುವಾಗಿರುತ್ತದೆ, ಕಾರುಗಳು ಓಡುತ್ತವೆ. ಪಕ್ಕದ ಬಡಾವಣೆಗೆ ಸರ್ ಸಿ.ವಿ. ರಾಮನ್ ಅವರ ಹೆಸರಿದೆ. ರಾಮನ್ ತಮ್ಮ ಕೊನೆಯ ವರ್ಷಗಳಲ್ಲಿ ಕಣ್ಣು ಹೇಗೆ ಕಾಣುತ್ತದೆ ಎಂಬುದರ ಅಧ್ಯಯನಕ್ಕೆ ತೊಡಗಿ, 1968ರಲ್ಲಿ ದೃಷ್ಟಿಯ ಶರೀರಕ್ರಿಯೆಯನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದರು. ಅದೇ ಬಡಾವಣೆಯಲ್ಲಿ ರಕ್ಷಣಾ ಇಲಾಖೆಯ ವಿದ್ಯುನ್ಮಾನ ಮತ್ತು ರೇಡಾರ್ ಅಭಿವೃದ್ಧಿ ಸಂಸ್ಥೆಯೂ ಇದೆ. ಗುರಿಯೊಂದು ಪರದೆಯ ಮೇಲೆ ಮೂಡದೆ ಹೋದರೆ ರೇಡಾರ್ ಎಂಜಿನಿಯರು ಗುರಿಯನ್ನು ದೂರುವುದಿಲ್ಲ. ತನ್ನ ಉಪಕರಣದ ಮಿತಿ ಎಲ್ಲಿದೆ ಎಂದು ಹುಡುಕುತ್ತಾನೆ. ಚಾಲಕನ ಉಪಕರಣ ಅವನ ಕಣ್ಣು ಮತ್ತು ಮಿದುಳು.

ಇಲ್ಲಿ ಮೊದಲ ಆಕ್ಷೇಪ ನಮ್ಮ ಪಾಠದ ಮೇಲೆಯೇ. ಹತ್ತನೆಯ ತರಗತಿಯ ವಿಜ್ಞಾನ ಪಠ್ಯದಲ್ಲಿ ಕಣ್ಣನ್ನು ಕ್ಯಾಮರಾಕ್ಕೆ ಹೋಲಿಸಿದೆ. ಮಸೂರ, ಪರದೆ, ತಲೆಕೆಳಗಾದ ಬಿಂಬ ಇವನ್ನು ವಿವರಿಸಲು ಹೋಲಿಕೆ ಅನುಕೂಲ. ಆದರೆ ಅಲ್ಲಿಗೇ ನಿಲ್ಲಿಸಿದರೆ, ಕಣ್ಣು ತೆರೆದಿದ್ದು ಬೆಳಕಿದ್ದರೆ ಎದುರಿನದೆಲ್ಲ ದಾಖಲಾಗುತ್ತದೆ ಎಂಬ ಭಾವನೆ ಮಕ್ಕಳಲ್ಲಿ ಉಳಿದುಬಿಡುತ್ತದೆ. ಅದು ಸರಿಯಲ್ಲ. ತೋಳನ್ನು ಪೂರ್ತಿ ಚಾಚಿ ಹೆಬ್ಬೆರಳಿನ ಉಗುರನ್ನು ನೋಡಿ. ಉಗುರಿನ ಅಗಲ ಸುಮಾರು 2 ಡಿಗ್ರಿ ಕೋನ. ರೆಟಿನಾದ ಹಳದಿ ಚುಕ್ಕೆಯ ನಡುಭಾಗ ನಮಗೆ ತೀರ ಸ್ಪಷ್ಟವಾಗಿ ತೋರಿಸುವುದು ಹೆಚ್ಚುಕಡಿಮೆ ಇಷ್ಟನ್ನು ಮಾತ್ರ. ಉಳಿದ ಭಾಗದಲ್ಲಿ ಸ್ಥೂಲ ಆಕಾರವೂ ಚಲನೆಯೂ ತಿಳಿಯುತ್ತವೆ, ವಿವರ ತಿಳಿಯುವುದಿಲ್ಲ. ಆದ್ದರಿಂದ ಕಣ್ಣು ಸೆಕೆಂಡಿಗೆ ಸುಮಾರು 3 ಸಲ ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯುತ್ತಿರುತ್ತದೆ. ಜಿಗಿತದ ಆ ಕ್ಷಣದಲ್ಲಿ ದೃಷ್ಟಿ ಬಹುಮಟ್ಟಿಗೆ ತಡೆಹಿಡಿಯಲ್ಪಟ್ಟಿರುತ್ತದೆ. ಕನ್ನಡಿಯ ಮುಂದೆ ನಿಂತು ನಿಮ್ಮ ಎಡಗಣ್ಣನ್ನು, ಆಮೇಲೆ ಬಲಗಣ್ಣನ್ನು, ಹೀಗೆ ಬದಲಿಸುತ್ತಾ ನೋಡಿಕೊಳ್ಳಿ. ನಿಮ್ಮ ಕಣ್ಣು ಚಲಿಸುವುದು ನಿಮಗೆ ಎಂದೂ ಕಾಣುವುದಿಲ್ಲ. ಪಕ್ಕದಲ್ಲಿ ನಿಂತ ಗೆಳೆಯನಿಗೆ ಚೆನ್ನಾಗಿ ಕಾಣುತ್ತದೆ.

ಅಪಘಾತಕ್ಕೆ ರೆಟಿನಾದ ‘ಕುರುಡು ಚುಕ್ಕೆ’ಯೇ ಕಾರಣ ಎಂದು ಕೆಲವರು ಬರೆಯುವುದುಂಟು. ಇದು ಅವಸರದ ತೀರ್ಮಾನ. ಒಂದು ಕಣ್ಣಿನ ಕುರುಡು ಚುಕ್ಕೆಗೆ ಬೀಳುವುದನ್ನು ಇನ್ನೊಂದು ಕಣ್ಣು ನೋಡುತ್ತಿರುತ್ತದೆ. ಕಣ್ಣಿನ ಜಿಗಿತವೊಂದರಿಂದಲೇ ಸೈಕಲ್ಲು ಮಾಯವಾಗುತ್ತದೆ ಎಂಬುದೂ ಅತಿಯಾದ ಮಾತು, ಏಕೆಂದರೆ ಅಂಚಿನ ನೋಟ ಚಲನೆಯನ್ನು ಚುರುಕಾಗಿ ಗುರುತಿಸುತ್ತದೆ. ತೊಡಕಿರುವುದು ಇಲ್ಲೇ: ಡಿಕ್ಕಿಯ ಹಾದಿಯಲ್ಲಿರುವ ವಸ್ತುವಿಗೆ ನಮ್ಮ ನೋಟದಲ್ಲಿ ಚಲನೆಯೇ ಇರುವುದಿಲ್ಲ.

ಇದನ್ನು ಲೆಕ್ಕದಿಂದ ತಿಳಿಯೋಣ. ಮುಖ್ಯರಸ್ತೆಯಲ್ಲಿ ಕಾರು ಗಂಟೆಗೆ 36 ಕಿ.ಮೀ. ವೇಗದಲ್ಲಿದೆ, ಅಂದರೆ ಸೆಕೆಂಡಿಗೆ 10 ಮೀಟರು. ಬಲಗಡೆಯ ಅಡ್ಡರಸ್ತೆಯಿಂದ ಸೈಕಲ್ಲು ಗಂಟೆಗೆ 18 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 5 ಮೀಟರು, ಬರುತ್ತಿದೆ. ಇಬ್ಬರೂ ಒಂದೇ ಕ್ಷಣಕ್ಕೆ ಕೂಡುರಸ್ತೆ ತಲುಪುವವರು. ಡಿಕ್ಕಿಗೆ 4 ಸೆಕೆಂಡು ಇರುವಾಗ ಕಾರು 40 ಮೀಟರು, ಸೈಕಲ್ಲು 20 ಮೀಟರು ದೂರದಲ್ಲಿವೆ. 2 ಸೆಕೆಂಡು ಇರುವಾಗ 20 ಮತ್ತು 10. ಒಂದು ಸೆಕೆಂಡಿಗೆ 10 ಮತ್ತು 5. ಚಾಲಕನ ನೇರ ನೋಟದಿಂದ ಸೈಕಲ್ಲು ಇರುವ ಕೋನವನ್ನು ಪ್ರತಿ ಸಲವೂ ಲೆಕ್ಕ ಹಾಕಿ. ಟ್ಯಾಂಜೆಂಟು ಯಾವಾಗಲೂ 0.5, ಕೋನ ಯಾವಾಗಲೂ ಸುಮಾರು 26.5 ಡಿಗ್ರಿ. ರಸ್ತೆಬದಿಯ ಮರ, ಅಂಗಡಿ, ನಿಂತ ಜನ ಎಲ್ಲ ಹಿಂದಕ್ಕೆ ಸರಿಯುತ್ತವೆ. ಬಡಿಯಲಿರುವ ಸೈಕಲ್ಲು ಮಾತ್ರ ಅಂಟಿಸಿದ ಚಿತ್ರದಂತೆ ಇದ್ದಲ್ಲೇ ಇರುತ್ತದೆ. ಹಡಗು ನಡೆಸುವವರಿಗೆ ಇದು ಹಳೆಯ ಪಾಠ: ದಿಕ್ಕು ಬದಲಾಗದೆ ಹತ್ತಿರವಾಗುವ ಹಡಗು ನಿಮ್ಮನ್ನು ಬಡಿಯಲಿದೆ.

ಇನ್ನು ಕಾರಿನ ಕಂಬ. ಮುಂಗಾಜಿನ ಎರಡು ಪಕ್ಕದಲ್ಲಿ ಚಾವಣಿಯನ್ನು ಹೊತ್ತ ಕಂಬಗಳಿರುತ್ತವೆಯಷ್ಟೆ. ಕಾರು ಮಗುಚಿದರೆ ಒಳಗಿನವರು ಉಳಿಯಲಿ ಎಂದು ಇವನ್ನು ಹಿಂದಿಗಿಂತ ದಪ್ಪ ಮಾಡಲಾಗಿದೆ. ನಮ್ಮ ಕಾರುಗಳಲ್ಲಿ ಬಲಗಡೆಯ ಕಂಬ ಚಾಲಕನ ನೇರ ನೋಟಕ್ಕೆ ಸಾಮಾನ್ಯವಾಗಿ 20ರಿಂದ 30 ಡಿಗ್ರಿ ಆಸುಪಾಸಿನಲ್ಲಿ ಬೀಳುತ್ತದೆ. ಮೇಲಿನ ಲೆಕ್ಕದ ಸೈಕಲ್ಲು ಇದ್ದುದೂ ಅಲ್ಲೇ! ಕಂಬದ ಅಗಲ 12 ಸೆಂ.ಮೀ., ಕಣ್ಣಿನಿಂದ ಅದರ ದೂರ 70 ಸೆಂ.ಮೀ., ಎರಡು ಕಣ್ಣುಗಳ ನಡುವಿನ ಅಂತರ 6 ಸೆಂ.ಮೀ. ಎಂದುಕೊಳ್ಳಿ. ಎರಡು ಕಣ್ಣಿಗೂ ಮರೆಯಾಗುವ ಪಟ್ಟಿಯ ಅಗಲವನ್ನು ಸದೃಶ ತ್ರಿಭುಜಗಳಿಂದ ಕಂಡುಹಿಡಿಯಬಹುದು. ಡಿಕ್ಕಿಗೆ 2 ಸೆಕೆಂಡು ಇರುವಾಗ ಸೈಕಲ್ಲು ಚಾಲಕನಿಂದ ಸುಮಾರು 22 ಮೀಟರು ದೂರದಲ್ಲಿರುತ್ತದೆ. ಮರೆಯ ಅಗಲ ಅಲ್ಲಿ ಸುಮಾರು 2 ಮೀಟರು. ಸೈಕಲ್ಲಿನ ಉದ್ದ ಸುಮಾರು 1.7 ಮೀಟರು. ಇಡೀ ಸೈಕಲ್ಲು, ಸವಾರನೂ ಸೇರಿ, ಕಂಬದ ಹಿಂದೆ ಅಡಗಿದೆ. ಒಂದು ಸೆಕೆಂಡು ಉಳಿದಾಗ ಮರೆ ಸುಮಾರು 1 ಮೀಟರಿಗೆ ಇಳಿಯುತ್ತದೆ, ಚಕ್ರಗಳು ಇಣುಕುತ್ತವೆ. ಆದರೆ ಚಾಲಕ ಎಚ್ಚೆತ್ತು ಬ್ರೇಕ್ ಒತ್ತಲು ಒಂದು ಸೆಕೆಂಡು, ಅಂದರೆ 10 ಮೀಟರು ಬೇಕು; ಆಮೇಲೆ ಕಾರು ನಿಲ್ಲಲು ಒಣರಸ್ತೆಯಲ್ಲೂ ಇನ್ನೂ 8 ಮೀಟರು ಬೇಕು. ಕಾಲ ಮೀರಿದೆ. ಆ ಚಾಲಕ ‘ಕಾಣಲೇ ಇಲ್ಲ’ ಎಂದರೆ ಅದು ಅಕ್ಷರಶಃ ಸತ್ಯ.

ಸತ್ಯ, ಆದರೆ ಅರ್ಧ. ಆತ ಕೂಡುರಸ್ತೆಗೆ ಮುಂಚೆ ತಲೆಯನ್ನು ಒಂದು ಗೇಣು ಮುಂದಕ್ಕೆ ಬಾಗಿಸಿದ್ದರೆ ಕಂಬ ಬೇರೆ ಕಡೆ ಸರಿಯುತ್ತಿತ್ತು. ವೇಗ ಇಳಿಸಿದ್ದರೆ ಕೋನವೇ ಬದಲಾಗಿ ಸೈಕಲ್ಲು ಕಂಬದ ಆಚೆ ಹೊರಬೀಳುತ್ತಿತ್ತು. ಕಂಬ ಅಲ್ಲಿದೆ ಎಂಬುದು ಕಾರು ಕೊಂಡ ದಿನದಿಂದ ಅವನಿಗೆ ಗೊತ್ತು.

ಕಂಬದ ಮರೆಯಿಲ್ಲದಾಗಲೂ ಕಾಣದಿರುವುದುಂಟು. ಅದಕ್ಕೆ ಕಾರಣ ನಿರೀಕ್ಷೆ. 1999ರಲ್ಲಿ ಸೈಮನ್ಸ್ ಮತ್ತು ಚಾಬ್ರಿ ನಡೆಸಿದ ಗೊರಿಲ್ಲಾ ಪ್ರಯೋಗದಲ್ಲಿ, ಚೆಂಡಿನ ಎಸೆತ ಎಣಿಸುತ್ತಿದ್ದ ವೀಕ್ಷಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ನಟ್ಟನಡುವೆ ಹಾದುಹೋದ ಗೊರಿಲ್ಲಾ ವೇಷಧಾರಿ ಕಾಣಲಿಲ್ಲ. ಪಳಗಿದವರಿಗೆ ಹೀಗಾಗದು ಎನ್ನುವಂತಿಲ್ಲ. 2013ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಶ್ವಾಸಕೋಶದ ಸ್ಕ್ಯಾನ್ ಚಿತ್ರದಲ್ಲಿ ಗಂಟು ಹುಡುಕುತ್ತಿದ್ದ 24 ವಿಕಿರಣ ತಜ್ಞರ ಪೈಕಿ 20 ಮಂದಿ ಅದರಲ್ಲಿ ಸೇರಿಸಿದ್ದ ಗೊರಿಲ್ಲಾ ಚಿತ್ರವನ್ನು ಗುರುತಿಸಲಿಲ್ಲ.

ರಸ್ತೆಯ ಮೇಲಿನ ಸಾಕ್ಷ್ಯ ಫಿನ್‌ಲೆಂಡಿನಿಂದ ಬಂದಿದೆ. ರಾಸನೆನ್ ಮತ್ತು ಸುಮ್ಮಾಲ ಅಲ್ಲಿನ ನಾಲ್ಕು ನಗರಗಳ 188 ಕಾರು-ಸೈಕಲ್ ಡಿಕ್ಕಿಗಳನ್ನು ಒಂದೊಂದಾಗಿ ಪರಿಶೀಲಿಸಿ 1998ರಲ್ಲಿ ವರದಿ ಮಾಡಿದರು. ಬಡಿಯುವ ಮುನ್ನ ಸೈಕಲ್ಲನ್ನು ಗಮನಿಸಿದ್ದ ಚಾಲಕರು ಶೇಕಡ 11 ಮಾತ್ರ. ಕಾರನ್ನು ಗಮನಿಸಿದ್ದ ಸೈಕಲ್ ಸವಾರರು ಶೇಕಡ 68. ಅವರಲ್ಲಿ ಶೇಕಡ 92 ಮಂದಿ ಕಾರು ತಮಗೆ ದಾರಿ ಬಿಡುತ್ತದೆಂದು ನಂಬಿದ್ದರು. ಈ ಕೊನೆಯ ಅಂಕಿಯನ್ನು ಇನ್ನೊಮ್ಮೆ ಓದಿ. ನಾನು ಅವನನ್ನು ಕಂಡೆ, ಆದ್ದರಿಂದ ಅವನೂ ನನ್ನನ್ನು ಕಂಡಿದ್ದಾನೆ ಎಂಬ ಊಹೆಯೇ ಸವಾರನಿಗೆ ಮುಳುವಾಗಿದೆ. ಬಲಕ್ಕೆ ತಿರುಗುವ ಚಾಲಕರು ಎಡದಿಂದ ಬರುವ ಕಾರುಗಳತ್ತಲೇ ನೋಡುತ್ತಿದ್ದು, ಬಲದಿಂದ ಬಂದ ಸೈಕಲ್ಲನ್ನು ತಪ್ಪಿಸಿಕೊಂಡದ್ದನ್ನೂ ಅವರು ಗುರುತಿಸಿದರು. (ಅಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ; ನಮ್ಮಲ್ಲಿ ಎಡಬಲಗಳನ್ನು ಅದಲುಬದಲು ಮಾಡಿಕೊಳ್ಳಬೇಕು.) ಚಾಲಕ ತನಗೆ ಅಪಾಯ ತರುವುದನ್ನು ಹುಡುಕುತ್ತಾನೆ: ಬಸ್ಸು, ಲಾರಿ, ನೀರಿನ ಟ್ಯಾಂಕರು. ಸೈಕಲ್ಲು ಅವನಿಗೆ ಏನೂ ಮಾಡದು. ಆದ್ದರಿಂದ ಅದು ಅವನ ಪಟ್ಟಿಯಲ್ಲೇ ಇಲ್ಲ.

ಹೀಗಿರುವಾಗ ‘ಸೈಕಲ್ ಸವಾರರು ಎದ್ದು ಕಾಣುವ ಬಟ್ಟೆ ತೊಡಲಿ’ ಎಂಬ ಸಲಹೆ ಎಷ್ಟು ಸರಿ? ಪ್ರಯೋಜನ ಇಲ್ಲವೆನ್ನಲಾಗದು. ಡೆನ್ಮಾರ್ಕಿನಲ್ಲಿ ಸುಮಾರು 6800 ಸ್ವಯಂಸೇವಕರಲ್ಲಿ ಅರ್ಧದಷ್ಟು ಜನರಿಗೆ ಹೊಳೆಯುವ ಹಳದಿ ಜಾಕೆಟ್ಟು ಕೊಟ್ಟು ಒಂದು ವರ್ಷ ಗಮನಿಸಲಾಯಿತು. ಇತರರೊಡನೆ ಡಿಕ್ಕಿಯಾಗಿ ಗಾಯಗೊಂಡ ಪ್ರಕರಣಗಳು ಜಾಕೆಟ್ ತೊಟ್ಟವರಲ್ಲಿ ಶೇಕಡ 47 ಕಡಿಮೆ ಎಂದು 2018ರ ವರದಿ ಹೇಳಿತು. ಆದರೆ ಅಪಘಾತಗಳನ್ನು ವರದಿ ಮಾಡಿದವರು ಸ್ವಯಂಸೇವಕರೇ. ಈ ಓರೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಸಂಶೋಧಕರೇ ಅಂಕಿಯನ್ನು 38ಕ್ಕೆ ಇಳಿಸಿದರು. ಕತ್ತಲಲ್ಲಿ ಜಾಕೆಟ್ಟಿಗಿಂತ ಅಗ್ಗವಾದ ಉಪಾಯವೊಂದಿದೆ: ಕಣಕಾಲಿಗೆ ಪ್ರತಿಫಲಕ ಪಟ್ಟಿ. 1973ರಲ್ಲಿ ಸ್ವೀಡನ್ನಿನ ಯೋಹಾನ್ಸನ್ ತೋರಿಸಿದಂತೆ, ಕೀಲುಗಳ ಮೇಲಿನ ಕೆಲವೇ ಬೆಳಕಿನ ಚುಕ್ಕೆಗಳು ಚಲಿಸಿದರೂ ಸಾಕು, ನೋಡುವವರಿಗೆ ಅದು ಮನುಷ್ಯ ಎಂದು ಥಟ್ಟನೆ ಹೊಳೆಯುತ್ತದೆ. 2006-07ರಲ್ಲಿ ಆರಂಭವಾದ ಯೋಜನೆಯಡಿ ಎಂಟನೆಯ ತರಗತಿಯ ಮಕ್ಕಳಿಗೆ ವರ್ಷವರ್ಷವೂ ಲಕ್ಷಗಟ್ಟಲೆ ಸೈಕಲ್ಲು ಹಂಚಿದ ರಾಜ್ಯ ನಮ್ಮದು. ಎರಡು ಕಣಕಾಲಿನ ಪಟ್ಟಿಗಳ ಬೆಲೆ ಅದರ ಮುಂದೆ ಏನೇನೂ ಅಲ್ಲ.

ಆದರೂ ಕಂಬದ ಹಿಂದೆ ಇರುವ ಹಳದಿ ಜಾಕೆಟ್ಟು ಕಂಬದ ಹಿಂದೆಯೇ ಇರುತ್ತದೆ. ಸಲಹೆಯ ಭಾರವನ್ನೆಲ್ಲ 15 ಕಿಲೋಗ್ರಾಂ ಸೈಕಲ್ಲಿನ ಮೇಲಿರುವ ಮಗುವಿಗೆ ಹೊರಿಸಿ, ಒಂದು ಟನ್ನಿನ ವಾಹನ ನಡೆಸುವವನಿಗೆ ಏನೂ ಹೇಳದಿರುವುದು ಭೌತವಿಜ್ಞಾನ ಓದಿದವರಿಗೆ ಒಪ್ಪುವಂಥದಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ ಸೈಕಲ್ ಸವಾರರು ಸುಮಾರು ಶೇಕಡ 3.

ಕಾನೂನು ಈ ವಿಷಯದಲ್ಲಿ ನಮ್ಮ ಮಾತಿಗಿಂತ ಸ್ಪಷ್ಟವಾಗಿದೆ. ಪೊಲೀಸ್ ದಾಖಲೆಗಳ ‘ಅತಿವೇಗ ಮತ್ತು ಅಜಾಗರೂಕತೆ’ ಎಂಬ ಮಾತಿನಲ್ಲಿ ಜಾಗರೂಕತೆಯೇ ಮುಖ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106ನೆಯ ಕಲಮುಗಳು ಬೇಕೆಂದು ಮಾಡಿದ್ದನ್ನಲ್ಲ, ವಹಿಸಬೇಕಾದ ಎಚ್ಚರ ವಹಿಸದಿದ್ದುದನ್ನು ಶಿಕ್ಷಿಸುತ್ತವೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ‘ಕಂಡಿತೇ?’ ಅಲ್ಲ, ‘ಹೇಗೆ ನೋಡಿದಿರಿ, ಎಷ್ಟು ವೇಗದಲ್ಲಿದ್ದಿರಿ?’

ರಸ್ತೆ ಮಾಡುವವರಿಗೂ ಪಾಲಿದೆ. 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಪ್ರಯೋಗಾರ್ಥವಾಗಿ ಸೈಕಲ್ ಪಥ ಗುರುತಿಸಲಾಯಿತು. ಮುಂದೆ ಮೆಟ್ರೊ ಕಾಮಗಾರಿಯ ನಡುವೆ ಅದು ಉಳಿಯಲಿಲ್ಲ. ಕಗ್ಗದಾಸಪುರದಂಥ ಕಡೆ ಪ್ರತ್ಯೇಕ ಪಥಕ್ಕೆ ಜಾಗವೇ ಇಲ್ಲ. ಅಲ್ಲಿ ಅಡ್ಡರಸ್ತೆಯ ಬಾಯಲ್ಲಿ ಕಾರು ನಿಲ್ಲಿಸದಂತೆ ನೋಡಿಕೊಳ್ಳುವುದು, ವೇಗ ಇಳಿಸುವ ಉಬ್ಬು ಹಾಕುವುದು ಇಷ್ಟಾದರೂ ಸಾಧ್ಯ. ನಿಂತ ಕಾರಿನ ಬಾಗಿಲು ಬಡಿದು ಬೀಳುವ ಸವಾರರೂ ಇದ್ದಾರೆ. ಚಾಲಕ ಬಲಬಾಗಿಲನ್ನು ಎಡಗೈಯಿಂದ ತೆರೆದರೆ ಮೈ ತಾನಾಗಿ ತಿರುಗಿ ಹಿಂದಿನ ರಸ್ತೆ ಕಾಣುತ್ತದೆ. ಎಡಗೈಯ ಬಗ್ಗೆ ನಮಗಿರುವ ಸಂಕೋಚವನ್ನು ಇಲ್ಲಿ ಬಿಡಬಹುದು.

ಶಿಕ್ಷಕರು ಮೇಲಿನ ಲೆಕ್ಕವನ್ನು ಶಾಲೆಯ ಮೈದಾನದಲ್ಲಿ ಮಾಡಿ ತೋರಿಸಬಹುದು. ಸುಣ್ಣದಿಂದ ಲಂಬವಾಗಿ ಕೂಡುವ ಎರಡು ಗೆರೆ ಎಳೆಯಿರಿ. ಒಂದರ ಮೇಲೆ 40 ಹೆಜ್ಜೆ ದೂರದಲ್ಲಿ ‘ಚಾಲಕ’, ಇನ್ನೊಂದರ ಮೇಲೆ ಅವನ ಬಲಕ್ಕೆ 20 ಹೆಜ್ಜೆ ದೂರದಲ್ಲಿ ‘ಸವಾರ’ ನಿಲ್ಲಲಿ. ಚಾಲಕ 12 ಸೆಂ.ಮೀ. ಅಗಲದ ರಟ್ಟಿನ ಪಟ್ಟಿಯನ್ನು ತೋಳಳತೆಯಲ್ಲಿ ನೆಟ್ಟಗೆ ಹಿಡಿದು ಸವಾರನನ್ನು ಮರೆಮಾಡಿಕೊಳ್ಳಲಿ. ಒಬ್ಬ ವಿದ್ಯಾರ್ಥಿ ತಾಳ ಹಾಕಿದಂತೆ ಚಾಲಕ ಎರಡು ಹೆಜ್ಜೆ, ಸವಾರ ಒಂದು ಹೆಜ್ಜೆ ಇಡುತ್ತಾ ಬರಲಿ. ತಲೆಯನ್ನೂ ಕೈಯನ್ನೂ ಅಲುಗಿಸದಿದ್ದರೆ ಸವಾರ ಯಾವ ಹೆಜ್ಜೆಯಲ್ಲಿ ಮೊದಲು ಕಾಣುತ್ತಾನೆ ಎಂಬುದನ್ನು ಬರೆದುಕೊಳ್ಳಿ. ಎರಡನೆಯ ಸಲ ಚಾಲಕ ಪ್ರತಿ ಐದು ಹೆಜ್ಜೆಗೊಮ್ಮೆ ತಲೆಯನ್ನು ಆಚೀಚೆ ಬಾಗಿಸಿ ನೋಡಲಿ. ಬಳಿಕ ಶಾಲೆಯ ಎದುರು ನಿಲ್ಲುವ ನಾಲ್ಕಾರು ಕಾರುಗಳ ಕಂಬದ ಅಗಲವನ್ನು, ಮಾಲೀಕರ ಒಪ್ಪಿಗೆ ಪಡೆದು, ಟೇಪಿನಿಂದ ಅಳೆಯಿರಿ. ಪ್ರತಿಯೊಂದಕ್ಕೂ 20 ಮೀಟರು ದೂರದಲ್ಲಿ ಮರೆಯ ಅಗಲವೆಷ್ಟು ಎಂದು ಮಕ್ಕಳೇ ಲೆಕ್ಕ ಮಾಡಲಿ. ಪಟ್ಟಿಯನ್ನು ಆ ಮಾಲೀಕರಿಗೂ ಒಂದು ಪ್ರತಿ ಕೊಡಿ.