ಹಳ್ಳಿ ಹಳ್ಳವಾದ ಬಗೆ

ಅಂಜನಾದ್ರಿಯ ಬುಡದ ಹನುಮನಹಳ್ಳಿಯ ಹೆಸರನ್ನು ಬೆರಳು ಮಡಚಿ ಎಣಿಸಿ: ಹ, ನು, ಮ, ನ, ಹ, ಳ್ಳಿ. ಆರೇ ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಅದು 10 ಸಂಕೇತ, ಏಕೆಂದರೆ ಕೊಂಬು, ಗುಡಿಸು, ಒತ್ತಿಗೆ ಮುಂಚಿನ ಹಲಂತ ಎಲ್ಲಕ್ಕೂ ಅಲ್ಲಿ ಬೇರೆ ಬೇರೆ ಸ್ಥಾನ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಹೀಗೆ ಆರಕ್ಷರದ ಊರು 30 ಬೈಟ್ ಆಗುತ್ತದೆ. ಇಂಗ್ಲಿಷಿನಲ್ಲಿ ಬರೆದರೆ 13ಕ್ಕೇ ಮುಗಿಯಿತು.

ಸಿ ಭಾಷೆಯ ಎಸ್‌ಎನ್‌ಪ್ರಿಂಟ್‌ಎಫ್ ಫಂಕ್ಷನ್ನಿಗೆ 28 ಬೈಟಿನ ಬಫರ್ ಕೊಟ್ಟು ಈ ಹೆಸರು ಬರೆಯಲು ಹೇಳಿ ನೋಡಿ. ಕೊನೆಯ ಬೈಟ್ ಸೊನ್ನೆಗೆ ಮೀಸಲು. ಉಳಿದ 27ರಲ್ಲಿ ಒಂಬತ್ತು ಸಂಕೇತ ಅಚ್ಚುಕಟ್ಟಾಗಿ ಕೂರುತ್ತವೆ, ಉದುರುವುದು ಕೊನೆಯ ಗುಡಿಸು ಮಾತ್ರ. ಪರದೆಯ ಮೇಲೆ ಮೂಡುವುದು ‘ಹನುಮನಹಳ್ಳ’. ಚೌಕಟ್ಟಿಲ್ಲ, ಪ್ರಶ್ನಾರ್ಥಕವಿಲ್ಲ, ತಪ್ಪಿನ ಸುಳಿವೇ ಇಲ್ಲ. ಹಳ್ಳಿ ಹೋಗಿ ಹಳ್ಳ ಹರಿಯಿತು. 20 ಬೈಟಿನ ಬಫರ್ ಕೊಟ್ಟಿದ್ದರೆ ‘ಹನುಮನಹ’ದ ಪಕ್ಕ ಒಂದು ಮುರಿದ ಬೈಟ್ ನಿಂತು, ಏನೋ ಕೆಟ್ಟಿದೆ ಎಂದಾದರೂ ಗೊತ್ತಾಗುತ್ತಿತ್ತು.

ಹಳ್ಳ ಅಪಾಯವಲ್ಲ. ಅಪಾಯ ಇರುವುದು ಆ ಫಂಕ್ಷನ್ ವಾಪಸು ಕೊಡುವ ಸಂಖ್ಯೆಯಲ್ಲಿ. ಅದು 27 ಎನ್ನುವುದಿಲ್ಲ, 30 ಎನ್ನುತ್ತದೆ. ‘ಎಷ್ಟು ಬರೆದೆ’ ಎಂದಲ್ಲ, ‘ಜಾಗವಿದ್ದಿದ್ದರೆ ಎಷ್ಟು ಬರೆಯುತ್ತಿದ್ದೆ’ ಎಂದು ಹೇಳುವುದು 1999ರ ಸಿ ಮಾನದಂಡ ಮಾಡಿದ ಕಟ್ಟಳೆ. ಕಟ್ಟಳೆ ಒಳ್ಳೆಯದೇ, ಆದರೆ ಅದನ್ನು ಓದದವರೇ ಹೆಚ್ಚು. ಊರಾದ ಮೇಲೆ ತಾಲೂಕು, ಆಮೇಲೆ ಜಿಲ್ಲೆ ಎಂದು ಸಾಲಾಗಿ ಬರೆಯುವ ಕೋಡ್ ಸಾಮಾನ್ಯವಾಗಿ ವಾಪಸು ಬಂದ ಸಂಖ್ಯೆಯನ್ನು ಸ್ಥಾನಕ್ಕೆ ಕೂಡಿಸುತ್ತಾ, ಬಫರಿನ ಗಾತ್ರದಿಂದ ಸ್ಥಾನವನ್ನು ಕಳೆದು ಉಳಿದ ಜಾಗ ಎಷ್ಟೆಂದು ತಿಳಿಯುತ್ತದೆ. ಇಲ್ಲಿ 28ರಿಂದ 30 ಕಳೆಯಬೇಕು. ಉತ್ತರ ಮೈನಸ್ ಎರಡು ಎಂದು ಮೂರನೇ ಕ್ಲಾಸಿನ ಹುಡುಗಿಗೂ ಹೊಳೆದೀತು. ಆದರೆ ಗಾತ್ರ ಹಿಡಿಯುವ ಸೈಜ್‌-ಟಿ ಎಂಬ ಮಾದರಿಗೆ ಋಣಸಂಖ್ಯೆಯೇ ಗೊತ್ತಿಲ್ಲ. 64 ಬಿಟ್ಟಿನ ಯಂತ್ರದಲ್ಲಿ ಅದು ಸುತ್ತು ಹೊಡೆದು 18446744073709551614 ಆಗುತ್ತದೆ. ಜಾಗ ಮುಗಿದುಹೋದ ಕ್ಷಣದಲ್ಲೇ ಜಾಗ ಬೇಕಾದಷ್ಟಿದೆ ಎಂದು ಲೆಕ್ಕ ಸಾರುತ್ತದೆ. ತಡೆಯುವ ಏರ್ಪಾಡಿಲ್ಲದ ಲೈಬ್ರರಿಯಾದರೆ ಮುಂದಿನ ‘ಗಂಗಾವತಿ’ಯ 21 ಬೈಟೂ ಬಫರಿನ ಆಚೆ, ಯಾರದೋ ಮೆಮೊರಿಯ ಮೇಲೆ ಬೀಳುತ್ತದೆ.

ಇದನ್ನು ಇಷ್ಟು ಎಳೆದು ಹೇಳಿದ್ದಕ್ಕೆ ಕಾರಣವಿದೆ. ‘ಎಸ್‌ಪ್ರಿಂಟ್‌ಎಫ್ ಬಿಡಿ, ಎಸ್‌ಎನ್‌ಪ್ರಿಂಟ್‌ಎಫ್ ಹಿಡಿಯಿರಿ’ ಎಂಬ ಉಪದೇಶ ಎಲ್ಲ ಕಡೆ ಸಿಗುತ್ತದೆ (ಮೊದಲನೆಯದು ಬಫರಿನ ಗಾತ್ರವನ್ನೇ ಕೇಳದೆ ಬರೆಯುತ್ತದೆ). ನನ್ನ ಮಟ್ಟಿಗೆ ಅದು ಅರ್ಧ ಔಷಧ. ಬರೆಯುವ ಕೈಗೆ ಅದು ಕಟ್ಟು ಹಾಕಿತು, ಕೂಡಿ ಕಳೆಯುವ ಕೈಯನ್ನು ಹಾಗೇ ಬಿಟ್ಟಿತು.

ನುರಿತವರೂ ಇಲ್ಲಿ ಎಡವಿದ್ದಾರೆ. 2024ರ ಜನವರಿ 30ರಂದು ಕ್ವಾಲಿಸ್ ಸಂಸ್ಥೆಯ ಸಂಶೋಧಕರು ಲಿನಕ್ಸಿನ ಬುನಾದಿ ಲೈಬ್ರರಿಯಾದ ಜಿಲಿಬ್‌ಸಿಯ ಸಿಸ್‌ಲಾಗ್ ಭಾಗದಲ್ಲಿ ಮೂರು ದೋಷಗಳನ್ನು ಪ್ರಕಟಿಸಿದರು. ಲಾಗ್ ಸಾಲಿನ ತಲೆಭಾಗವನ್ನು ಮೊದಲು 1024 ಬೈಟಿನ ಬಫರಿನಲ್ಲಿ ಬರೆದು ನೋಡುವ ಕೋಡ್ ಅದು. ತಲೆಭಾಗದಲ್ಲಿ ಪ್ರೋಗ್ರಾಮಿನ ಹೆಸರೂ ಸೇರುತ್ತದೆ. ಹೆಸರು ಅತಿ ಉದ್ದವಾಗಿ ಬಫರಿನಲ್ಲಿ ಹಿಡಿಸದಿದ್ದರೆ ಗಾತ್ರದ ವೇರಿಯಬಲ್ ಸೊನ್ನೆಯಾಗಿಯೇ ಉಳಿಯುತ್ತಿತ್ತು. ಮುಂದಿನ ಸಾಲು ಆ ಸೊನ್ನೆಗೆ ಒಂದು ಕೂಡಿಸಿ, ಒಂದೇ ಒಂದು ಬೈಟ್ ಮೆಮೊರಿ ಕೇಳಿ, ಅದರೊಳಗೆ ಸಾವಿರಾರು ಬೈಟ್ ತುಂಬಲು ಹೊರಡುತ್ತಿತ್ತು. ಫೆಡೋರಾ 38ರಲ್ಲಿ ಸಾಮಾನ್ಯ ಬಳಕೆದಾರ ಇದರಿಂದಲೇ ರೂಟ್ ಅಧಿಕಾರ ಪಡೆಯಬಹುದೆಂದು ಅವರು ತೋರಿಸಿದರು. ಮೂರರಲ್ಲಿ ಇನ್ನೊಂದು ಶುದ್ಧ ಇಂಟಿಜರ್ ಓವರ್‌ಫ್ಲೋ, ಅಂದರೆ ಸಂಖ್ಯೆ ತನ್ನ ಮಿತಿ ಮೀರುವುದು: ಸಂದೇಶ ವಿಪರೀತ ಉದ್ದವಾದರೆ ಬಫರಿನ ಗಾತ್ರದ ಲೆಕ್ಕವೇ ತಪ್ಪುತ್ತಿತ್ತು. ಇದೆಲ್ಲ ಒಳಗೆ ಬಂದದ್ದು ದೊಡ್ಡ ಸಂದೇಶಗಳ ತೊಂದರೆಯನ್ನು ಸರಿಪಡಿಸಲು ಮಾಡಿದ ಬದಲಾವಣೆಯ ಮೂಲಕ! ರಿಪೇರಿಗೆ ಕರೆದವನು ಬಾಗಿಲು ತೆರೆದಿಟ್ಟು ಹೋದ ಹಾಗೆ.

ಹಾಗಾದರೆ ಯಾವ ಅಭ್ಯಾಸ ನಂಬಬಹುದು? ಕೂಡಿದ ಮೇಲೆ ‘ಮೊತ್ತ ಮೊದಲಿಗಿಂತ ಕಡಿಮೆಯಾಯಿತೇ’ ಎಂದು ನೋಡುವುದು ಹಳೇ ರೂಢಿ. ಅದನ್ನು ನಾನು ಪೂರಾ ತಳ್ಳಿಹಾಕುತ್ತೇನೆ. ಋಣ-ಧನ ಎರಡೂ ಇರುವ ಸಂಖ್ಯೆಗಳಲ್ಲಿ ಓವರ್‌ಫ್ಲೋ ಆಗುವುದೇ ಇಲ್ಲ ಎಂದು ಊಹಿಸಲು ಸಿ ಭಾಷೆ ಕಂಪೈಲರಿಗೆ ಅನುಮತಿ ಕೊಟ್ಟಿದೆ. ಹೀಗಾಗಿ ನಿಮ್ಮ ಪರೀಕ್ಷೆಯ ಸಾಲನ್ನೇ ಅದು ಅನವಶ್ಯಕವೆಂದು ಅಳಿಸಿಹಾಕಬಹುದು. ಕಾವಲುಗಾರ ಕೋಡಿನಲ್ಲಿ ಕಾಣುತ್ತಾನೆ, ಪ್ರೋಗ್ರಾಮ್ ಓಡುವಾಗ ಇರುವುದಿಲ್ಲ.

ಕೂಡುವ ಮುನ್ನವೇ ಜಾಗ ಕೇಳುವುದು ಸರಿ: ‘ಗರಿಷ್ಠದಿಂದ ಇದನ್ನು ಕಳೆದರೆ ಉಳಿಯುವುದಕ್ಕಿಂತ ಅದು ದೊಡ್ಡದೇ?’ ಇನ್ನೂ ಸಲೀಸಾದ ದಾರಿ ಜಿಸಿಸಿ ಕಂಪೈಲರಿನಲ್ಲಿ 2015ರ ಐದನೇ ಆವೃತ್ತಿಯಿಂದ ಇದೆ, ಸಿ23 ಮಾನದಂಡದಲ್ಲಿ ಸಿಕೆಡಿ-ಆಡ್ ಎಂಬ ಹೆಸರಲ್ಲಿ ಸೇರಿದೆ. ಅದು ಮೊತ್ತವನ್ನೂ ಕೊಡುತ್ತದೆ, ಹಿಡಿಸಿತೋ ಇಲ್ಲವೋ ಎಂಬುದನ್ನೂ ಹೇಳುತ್ತದೆ. ಒಂದೇ ಒಂದು ಅಭ್ಯಾಸ ಆರಿಸಿ ಎಂದರೆ ನನ್ನ ಆಯ್ಕೆ ಇದೇ.

ಲಿನಕ್ಸ್ ಕರ್ನಲ್‌ನವರು ಇನ್ನೊಂದು ದಾರಿ ಹಿಡಿದಿದ್ದಾರೆ. ಅವರ ಎಸ್‌ಸಿಎನ್‌ಪ್ರಿಂಟ್‌ಎಫ್ ನಿಜವಾಗಿ ಬರೆದ ಸಂಖ್ಯೆಯನ್ನೇ, ಅಂದರೆ 27 ಅನ್ನೇ, ಕೊಡುತ್ತದೆ. ಗಾತ್ರ 2147483647 ದಾಟಿದ್ದರೆ ಅವರ ಫಾರ್ಮ್ಯಾಟ್ ಕೋಡ್ ಎಚ್ಚರಿಕೆ ಕೊಟ್ಟು ಬರೆಯದೆ ಹಿಂದಿರುಗುತ್ತದೆ. ಮೆಮೊರಿ ಉಳಿಯುತ್ತದೆ, ನಿಜ. ಆದರೆ ಎಸ್‌ಸಿಎನ್‌ಪ್ರಿಂಟ್‌ಎಫ್‌ನಲ್ಲಿ ಹಳ್ಳಿ ಹಳ್ಳವಾದ ಸುದ್ದಿ ಯಾರಿಗೂ ತಲುಪುವುದಿಲ್ಲ. ಕಡತಕ್ಕೆ ಹೋಗುವ ವಿಳಾಸಕ್ಕೆ ಇದು ಸಾಲದು.

ಮೊದಲು ಉದ್ದ ಅಳೆದು ಆಮೇಲೆ ಜಾಗ ಕೇಳುವುದು ಮೂರನೆಯದು. ಹನುಮಂತನ ಬಾಲಕ್ಕೆ ಬಟ್ಟೆ ಸುತ್ತಿದ ಲಂಕೆಯವರು ಬಿಟ್ಟ ಕೆಲಸ ಇದು. ಎಎಸ್‌ಪ್ರಿಂಟ್‌ಎಫ್ ಇದನ್ನು ತಾನೇ ಮಾಡಿಕೊಡುತ್ತದೆ. ಕೈಯಾರೆ ಮಾಡಹೊರಟರೆ, ಅಳತೆಗೆ ಕೊನೆಯ ಸೊನ್ನೆಯ ಒಂದನ್ನು ಕೂಡಿಸುವ ಜಾಗದಲ್ಲೇ ಮತ್ತೆ ಓವರ್‌ಫ್ಲೋ ಕಾದಿರಬಹುದು. ಭಾಷೆಯನ್ನೇ ಬದಲಿಸಿ ಎನ್ನುವವರಿಗೊಂದು ಮಾತು: ರಸ್ಟ್‌ನಲ್ಲಿ ಕೂಡ ಬಿಡುಗಡೆಯ ಬಿಲ್ಡ್‌ನಲ್ಲಿ ಸಂಖ್ಯೆ ಸದ್ದಿಲ್ಲದೆ ಸುತ್ತು ಹೊಡೆಯುತ್ತದೆ. ಅಂಚು ದಾಟಿ ಬರೆಯಲು ಬಿಡುವುದಿಲ್ಲ, ಅಷ್ಟೇ ಅದರ ಲಾಭ. ಆ ಲಾಭ ಸಣ್ಣದಲ್ಲ.

ಪರೀಕ್ಷೆಯ ವಿಷಯದಲ್ಲಿ ನನ್ನ ತಕರಾರು ಹೆಚ್ಚು. ಇಂಗ್ಲಿಷ್ ಹೆಸರುಗಳಿಂದಲೇ ಪರೀಕ್ಷಿಸಿದರೆ 28ರ ಬಫರ್ ಸುಲಭಕ್ಕೆ ತುಂಬುವುದಿಲ್ಲ. ಕನ್ನಡದ ಹೆಸರು ಹಾಕಿದ ದಿನ ಉದ್ದ ಎರಡು-ಮೂರು ಪಟ್ಟಾಗುತ್ತದೆ. ಅದಕ್ಕೂ ಸೂಕ್ಷ್ಮವಾದದ್ದು ‘ಕೊಪ್ಪಳ’. ಅದರ ಓಕಾರವಲ್ಲದ ಒಕಾರವನ್ನು ಒಂದೇ ಸಂಕೇತವಾಗಿ ಇಟ್ಟರೆ 18 ಬೈಟ್, ಎರಡಾಗಿ ಒಡೆದು ಇಟ್ಟರೆ 21. ಕಣ್ಣಿಗೆ ಎರಡೂ ಒಂದೇ. ಉದ್ದ ಮುಂಚೆಯೇ ಗೊತ್ತು ಎಂದು 19 ಬೈಟ್ ಕಾದಿರಿಸಿದವನ ಲೆಕ್ಕ ಅಲ್ಲಿಗೆ ಕೆಟ್ಟಿತು. ಅದಕ್ಕೇ ಕನ್ನಡ ಮುದ್ರಿಸುವ ಯಾವ ಕೋಡ್ ಕೈಗೆ ಬಂದರೂ ಬಫರಿನ ಗಾತ್ರವನ್ನು 1ರಿಂದ 31ರವರೆಗೆ ಏರಿಸುತ್ತಾ ಹನುಮನಹಳ್ಳಿಯನ್ನೇ ಬರೆಸುತ್ತೇನೆ, ಪ್ರತಿ ಸಲ ವಾಪಸು ಬಂದ ಸಂಖ್ಯೆಯನ್ನೂ ಬಫರಿನ ಗಾತ್ರವನ್ನೂ ಹೋಲಿಸುತ್ತೇನೆ. 31ಕ್ಕೆ ಊರು ಪೂರ್ತಿ ಬರುತ್ತದೆ. 28, 29, 30ರಲ್ಲಿ ಹಳ್ಳವೇ. 29ಕ್ಕೆ ಅದರ ಬಾಲದಲ್ಲಿ ಒಂದು, 30ಕ್ಕೆ ಎರಡು ಮುರುಕು ಬೈಟ್ ಜೋತಾಡುತ್ತವೆ. 28ರಲ್ಲಿ ಅದೂ ಇಲ್ಲ.